ಕರಿಕಲ್ಲಿನ ದ್ವೀಪದಲ್ಲಿ ಕ್ಯಾಮೆರಾ: ಗ್ಯಾಲಪಗೋಸ್ ವನ್ಯಜೀವಿ ಛಾಯಾಗ್ರಹಣದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ಚಳಿಗಾಲದ ಬೆಳಗುಗಳನ್ನು ಕಳೆಯುವ ಹವ್ಯಾಸಿಗಳು ವಿಜಯಪುರ, ಬಾಗಲಕೋಟೆಗಳಲ್ಲಿ ಈಗ ಕಡಿಮೆಯಿಲ್ಲ. ಒಂದು ಆಗಸ್ಟ್‌ನಲ್ಲಿ ನಾನು ಗ್ಯಾಲಪಗೋಸ್‌ಗೆ ಹೋಗಿ ಬಂದ ಮೇಲೆ ಅವರಲ್ಲಿ ಅನೇಕರು ಕೇಳಿದ, ಈಗಲೂ ಕೇಳುತ್ತಿರುವ ಪ್ರಶ್ನೆಗಳನ್ನು ಉತ್ತರಗಳೊಂದಿಗೆ ಇಲ್ಲಿ ಬರೆದಿಟ್ಟಿದ್ದೇನೆ. ಯಾವ ಕ್ಯಾಮೆರಾ ಕೊಳ್ಳಬೇಕು ಎಂಬ ಪ್ರಶ್ನೆಯನ್ನು ಬೇಕೆಂದೇ ಬಿಟ್ಟಿದ್ದೇನೆ. ನಿಮ್ಮ ಕೈಗೆ ಪಳಗಿದ್ದು ಯಾವುದೋ ಅದೇ ಸಾಕು.

ಗ್ಯಾಲಪಗೋಸ್ ಎಲ್ಲಿದೆ? ಅಷ್ಟು ದೂರ ಹೋಗುವಂಥದ್ದು ಅಲ್ಲಿ ಏನಿದೆ?

ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದ ಕರಾವಳಿಯಿಂದ ಪಶ್ಚಿಮಕ್ಕೆ ಸುಮಾರು 1,000 ಕಿ.ಮೀ. ದೂರದಲ್ಲಿ, ಭೂಮಧ್ಯರೇಖೆಯ ಎರಡೂ ಮಗ್ಗುಲಿಗೆ ಚದುರಿಕೊಂಡಿರುವ ಜ್ವಾಲಾಮುಖಿ ದ್ವೀಪಗಳ ಗುಂಪಿದು. ಭೂಮಿಯ ಒಳಗಿನಿಂದ ಒಂದೇ ಜಾಗದಲ್ಲಿ ಉಕ್ಕುವ ಬಿಸಿಯ ಮೇಲೆ ನಾಸ್ಕಾ ಎಂಬ ಭೂಫಲಕ (ಭೂಮಿಯ ಹೊರಪದರದ ದೊಡ್ಡ ತುಂಡು) ಪೂರ್ವದ ಕಡೆಗೆ ಸರಿಯುತ್ತಿರುವುದರಿಂದ, ಪೂರ್ವದ ದ್ವೀಪಗಳು ಹಳೆಯವು, ಸವೆದವು. ಪಶ್ಚಿಮದ ಫರ್ನಾಂಡಿನಾ ಮತ್ತು ಇಸಾಬೆಲಾ ಎಳೆಯವು, ಇಂದಿಗೂ ಉರಿಯುವಂಥವು. ವಿಜಯಪುರದವರಿಗೆ ಈ ಕಥೆ ತೀರ ಅಪರಿಚಿತವಲ್ಲ. ನಮ್ಮ ಎರೆಮಣ್ಣಿನ ಅಡಿಯಲ್ಲಿರುವ, ಗೋಳಗುಮ್ಮಟದ ಗೋಡೆಗಳಲ್ಲಿ ಕಾಣುವ ಕರಿಕಲ್ಲು ಕೂಡ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಗಟ್ಟಿಯಾದ ಲಾವಾ. ಅದನ್ನು ಉಕ್ಕಿಸಿದ ಬಿಸಿಯ ನೆಲೆ ಈಗ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಕೆಳಗಿದೆ ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ನಮ್ಮಲ್ಲಿ ಮುಗಿದ ಕೆಲಸ ಗ್ಯಾಲಪಗೋಸ್‌ನಲ್ಲಿ ಇನ್ನೂ ನಡೆದಿದೆ.

ಈ ದ್ವೀಪಗಳು ಎಂದೂ ಮುಖ್ಯ ಭೂಭಾಗಕ್ಕೆ ಅಂಟಿಕೊಂಡಿರಲಿಲ್ಲ. ಈಜಿ, ಹಾರಿ, ತೇಲಿ ಬಂದವುಗಳ ಸಂತತಿ ಮಾತ್ರ ಅಲ್ಲಿ ಬೆಳೆಯಿತು. ದೊಡ್ಡ ಬೇಟೆಗಾರ ಸಸ್ತನಿಗಳು ಬರಲಿಲ್ಲವಾದ್ದರಿಂದ ಅಲ್ಲಿನ ಜೀವಿಗಳಿಗೆ ನಮ್ಮನ್ನು ಕಂಡು ಓಡುವ ಅಭ್ಯಾಸವೇ ಹುಟ್ಟಲಿಲ್ಲ. 1835ರಲ್ಲಿ ಚಾರ್ಲ್ಸ್ ಡಾರ್ವಿನ್ ಅಲ್ಲಿ ಐದು ವಾರ ಕಳೆದಾಗಲೂ ಹಕ್ಕಿಗಳ ಈ ನಿರ್ಭಯ ಅವರ ಗಮನ ಸೆಳೆದಿತ್ತು. 1959ರಲ್ಲಿ ದ್ವೀಪಗಳು ರಾಷ್ಟ್ರೀಯ ಉದ್ಯಾನವಾದವು. 1978ರಲ್ಲಿ ಯುನೆಸ್ಕೊ ತನ್ನ ವಿಶ್ವ ಪರಂಪರೆಯ ಮೊತ್ತಮೊದಲ ಪಟ್ಟಿಯಲ್ಲಿ ಅವುಗಳನ್ನು ಸೇರಿಸಿತು.

ಜ್ವಾಲಾಮುಖಿ ದ್ವೀಪ ನಮ್ಮ ದೇಶದಲ್ಲೇ ಇದೆಯಲ್ಲ?

ಇದೆ. ಅಂಡಮಾನಿನ ಬ್ಯಾರನ್ ದ್ವೀಪ ಭಾರತದ ಏಕೈಕ ಜೀವಂತ ಜ್ವಾಲಾಮುಖಿ. ಪೋರ್ಟ್ ಬ್ಲೇರ್‌ನಿಂದ ಸುಮಾರು 140 ಕಿ.ಮೀ. ದೂರದಲ್ಲಿದ್ದು, ಪ್ರವಾಸಿಗರು ದೋಣಿಯಿಂದಲೇ ನೋಡಬೇಕು, ಇಳಿಯುವಂತಿಲ್ಲ. (ಪೋರ್ಟ್ ಬ್ಲೇರ್‌ಗೆ 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರಿಟ್ಟ ಮೇಲೆ, ನಮ್ಮ ಊರಿನವರು ಟಿಕೆಟ್ ಕಾದಿರಿಸುವಾಗ ಹೆಸರನ್ನು ಎರಡು ಸಲ ಓದಿಕೊಳ್ಳುವುದು ಕ್ಷೇಮ.) ಇನ್ನಷ್ಟು ಉತ್ತರದ ನಾರ್ಕೊಂಡಮ್ ಕೂಡ ಜ್ವಾಲಾಮುಖಿಯಿಂದ ಎದ್ದ ದ್ವೀಪವೇ. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ನಾರ್ಕೊಂಡಮ್ ಮಂಗಟ್ಟೆ ಹಕ್ಕಿ ಅಲ್ಲಿದೆ, ಆದರೆ ಸಾಮಾನ್ಯ ಪ್ರವಾಸಿಗೆ ಅಲ್ಲಿಗೆ ದಾರಿಯಿಲ್ಲ. ನೆಲದ ಮೇಲೆ ನಿಂತು ಚಿತ್ರ ತೆಗೆಯಬೇಕೆನ್ನುವವರಿಗೆ ಸದ್ಯಕ್ಕೆ ಇವೆರಡೂ ಉತ್ತರವಲ್ಲ.

ಯಾವ ತಿಂಗಳಲ್ಲಿ ಹೋಗಬೇಕು?

ನಿಮಗೆ ಯಾವ ಪ್ರಾಣಿ ಬೇಕೆಂಬುದರ ಮೇಲೆ ತಿಂಗಳು ನಿಲ್ಲುತ್ತದೆ. ಜನವರಿಯಿಂದ ಮೇವರೆಗೆ ಬಿಸಿಲು, ಆಗಾಗ ಮಳೆ, ಶಾಂತ ಸಮುದ್ರ. ಜೂನ್‌ನಿಂದ ನವೆಂಬರ್‌ವರೆಗೆ ತಂಪು. ಹಂಬೋಲ್ಟ್ ಪ್ರವಾಹದ ತಣ್ಣೀರಿನಿಂದಾಗಿ ಆಕಾಶಕ್ಕೆ ಬೂದು ಹೊದಿಕೆ ಬೀಳುತ್ತದೆ, ಸಣ್ಣ ತುಂತುರು ಹಿಡಿಯುತ್ತದೆ. ಸ್ಥಳೀಯರು ಇದನ್ನು ಗರುವಾ ಎನ್ನುತ್ತಾರೆ. ಸಮುದ್ರ ಒರಟಾಗುತ್ತದೆ, ಆದರೆ ನೀರಿನಲ್ಲಿ ಆಹಾರ ಸಮೃದ್ಧವಾಗಿ, ಕಡಲಹಕ್ಕಿಗಳ ಚಟುವಟಿಕೆಯೂ ಹೆಚ್ಚು. ಎಸ್ಪನ್ಯೋಲಾ ದ್ವೀಪದಲ್ಲಿ ಗೂಡುಕಟ್ಟುವ ಆಲ್ಬಟ್ರಾಸ್ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಇರುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಹೋದವರಿಗೆ ಅದು ಕಾಣದು. ಹಾರಲಾರದ ನೀರುಕಾಗೆಯ ಗೂಡುಗಳು ತಂಪು ತಿಂಗಳುಗಳಲ್ಲೇ ಹೆಚ್ಚು. ನಾನು ಆಗಸ್ಟ್ ಆರಿಸಿಕೊಂಡದ್ದು ಅದಕ್ಕಾಗಿ, ಮತ್ತು ಬೂದು ಬೆಳಕಿಗಾಗಿ; ಅದರ ಮಾತು ಮುಂದೆ ಬರುತ್ತದೆ.

ಹಡಗಿನಲ್ಲಿ ಇರಬೇಕೇ, ಊರಲ್ಲಿ ಉಳಿದರೆ ಸಾಲದೇ?

ಸಾಂತಾಕ್ರೂಸ್, ಸ್ಯಾನ್ ಕ್ರಿಸ್ಟೊಬಲ್, ಇಸಾಬೆಲಾ ಮತ್ತು ಫ್ಲೊರಿಯಾನಾ ದ್ವೀಪಗಳಲ್ಲಿ ಜನವಸತಿಯಿದೆ, ವಸತಿಗೃಹಗಳೂ ಇವೆ. ಅಲ್ಲಿ ಉಳಿದುಕೊಂಡರೆ ಖರ್ಚು ತಗ್ಗುತ್ತದೆ. ಸಾಂತಾಕ್ರೂಸ್‌ನ ಪುಯೆರ್ಟೊ ಅಯೋರಾ ಪಟ್ಟಣದ ಮೀನುಕಟ್ಟೆಯಲ್ಲಿ, ಮೀನು ಕೊಯ್ಯುವವಳ ಮಗ್ಗುಲಲ್ಲಿ ಕಡಲಸಿಂಹವೊಂದು ಮನೆಯ ಬೆಕ್ಕಿನಂತೆ ಕತ್ತೆತ್ತಿ ನಿಂತಿರುತ್ತದೆ. ಹಿಂದೆ ಪೆಲಿಕನ್‌ಗಳ ಸಾಲು. ಇದಕ್ಕೆ ಹಡಗು ಬೇಡ. ದೈತ್ಯ ಆಮೆಗಳನ್ನೂ ಅದೇ ದ್ವೀಪದ ಎತ್ತರದ ಹಸಿರು ಭಾಗದಲ್ಲಿ ನೋಡಬಹುದು.

ಆದರೆ ಫರ್ನಾಂಡಿನಾದಂಥ ನಿರ್ಜನ, ದೂರದ ದ್ವೀಪಗಳಿಗೆ ರಾತ್ರಿ ಪ್ರಯಾಣಿಸಿ ಬೆಳಿಗ್ಗೆ ತಲುಪುವ ಹಡಗೇ ಗತಿ. ಹಡಗು ಆರಿಸುವಾಗ ಕೊಠಡಿಯ ಅಂದ ನೋಡಬೇಡಿ. ಯಾವ ದಿನ ಯಾವ ದ್ವೀಪ ಎಂಬ ವೇಳಾಪಟ್ಟಿ ನೋಡಿ, ಪಶ್ಚಿಮದ ದ್ವೀಪಗಳಿವೆಯೇ ಎಂದು ಕೇಳಿ. ಒಬ್ಬ ಗೈಡ್‌ನ ಗುಂಪಿನಲ್ಲಿ ಹೆಚ್ಚೆಂದರೆ 16 ಜನ ಇರಬಹುದು, ಸಣ್ಣ ಗುಂಪು ಸಿಕ್ಕಿದರೆ ಅದೃಷ್ಟ.

600 ಎಂಎಂ ಲೆನ್ಸ್ ಒಯ್ಯಲೇಬೇಕೇ?

ಬೇಡ. ಹಿನ್ನೀರಿನ ಪಟ್ಟೆತಲೆ ಹೆಬ್ಬಾತುಗಳಿಗಾಗಿ ನಾವು ಸಾಲ ಮಾಡಿ ಕೊಂಡ ಉದ್ದನೆಯ ಲೆನ್ಸ್ ಅಲ್ಲಿ ಬಹಳ ಹೊತ್ತು ಚೀಲದಲ್ಲೇ ಉಳಿಯುತ್ತದೆ. 100–400 ಎಂಎಂ ಜೂಮ್ ಒಂದು, 24–70 ಅಥವಾ ಅದಕ್ಕಿಂತ ಅಗಲದ್ದು ಇನ್ನೊಂದು ಇದ್ದರೆ ಸಾಕು. ನನ್ನ ಮಟ್ಟಿಗೆ ಒಳ್ಳೆಯ ಚಿತ್ರಗಳು ಬಂದದ್ದು ಅಗಲ ಲೆನ್ಸಿನಿಂದ: ಮುಂದೆ ಇಗ್ವಾನ ಎಂಬ ದೊಡ್ಡ ಹಲ್ಲಿ, ಹಿಂದೆ ಹೆಪ್ಪುಗಟ್ಟಿದ ಲಾವಾ, ಅದರಾಚೆ ಮೋಡದಲ್ಲಿ ಅರ್ಧ ಮುಳುಗಿದ ಜ್ವಾಲಾಮುಖಿಯ ಭುಜ. ಪ್ರಾಣಿಯ ಮುಖವನ್ನಷ್ಟೇ ತುಂಬಿಸಿ ತಂದರೆ ಅದನ್ನು ಎಲ್ಲಿ ತೆಗೆದದ್ದೆಂದು ಚಿತ್ರ ಹೇಳುವುದಿಲ್ಲ.

ಪ್ರಾಣಿಗಳೇ ಹೆದರುವುದಿಲ್ಲವೆಂದ ಮೇಲೆ ಅವುಗಳಿಂದ ಕನಿಷ್ಠ 2 ಮೀಟರ್ ದೂರ ನಿಲ್ಲಬೇಕೆಂಬ ಉದ್ಯಾನದ ನಿಯಮ ಏಕೆ?

ಎಲ್ಲಕ್ಕಿಂತ ಹೆಚ್ಚು ಸಲ ಬಂದ ಪ್ರಶ್ನೆ ಇದು. ಕೇಳಿದವರ ದನಿಯಲ್ಲಿ ಸ್ವಲ್ಪ ಅಸಮಾಧಾನವೂ ಇರುತ್ತದೆ.

ನಮ್ಮ ಕಡೆ ದೂರದ ಗೆರೆಯನ್ನು ಪ್ರಾಣಿಯೇ ಎಳೆಯುತ್ತದೆ. ಹಿನ್ನೀರಿನ ಹೆಬ್ಬಾತು ಕತ್ತು ನೆಟ್ಟಗೆ ಮಾಡಿತೆಂದರೆ ನಾವು ಅಲ್ಲಿಗೇ ನಿಲ್ಲುತ್ತೇವೆ. ಯಡಹಳ್ಳಿಯ ಚಿಂಕಾರ ಹುಲ್ಲೆ ಕಿವಿ ತಿರುಗಿಸಿತೆಂದರೆ ಆಟ ಮುಗಿಯಿತು. ಹೀಗೆ ಹೊಂಚುಹಾಕುವ, ತೆವಳುವ, ಇನ್ನೊಂದು ಹೆಜ್ಜೆ ಮುಂದೆ ಕದಿಯುವ ವಿದ್ಯೆಯನ್ನೇ ನಾವು ವನ್ಯಜೀವಿ ಛಾಯಾಗ್ರಹಣ ಎಂದು ತಿಳಿದುಕೊಂಡಿದ್ದೇವೆ. ಗ್ಯಾಲಪಗೋಸ್‌ನಲ್ಲಿ ಆ ಗೆರೆಯನ್ನು ಎಳೆಯುವವರು ಯಾರೂ ಇಲ್ಲ. ಬೂಬಿ ಎಂಬ ಕಡಲಹಕ್ಕಿ ಕುಳಿತಲ್ಲಿ ಕುಳಿತೇ ಇರುತ್ತದೆ, ಮಲಗಿದ ಕಡಲಸಿಂಹ ಕಣ್ಣು ತೆರೆದು ನೋಡಿ ಮತ್ತೆ ಮುಚ್ಚುತ್ತದೆ. ಹತ್ತಿರ ಹೋಗುವುದು ಅಲ್ಲಿ ಸಾಧನೆಯೇ ಅಲ್ಲ; ಗೆರೆಯನ್ನು ನೀವೇ ಎಳೆದುಕೊಂಡು ನೀವೇ ಕಾಯಬೇಕು.

ಓಡದ ಪ್ರಾಣಿಗೆ ತೊಂದರೆಯೇ ಆಗುತ್ತಿಲ್ಲ ಎಂದುಕೊಳ್ಳುವುದೂ ತಪ್ಪು. ನೀಲಿಪಾದದ ಬೂಬಿ ಹುಲ್ಲುಕಡ್ಡಿ ತಂದು ಗೂಡು ಕಟ್ಟುವುದಿಲ್ಲ. ನೆಲದ ಮೇಲೆ ತಾನು ಕುಳಿತ ಸುತ್ತ ಹಿಕ್ಕೆಯಿಂದ ಬಿದ್ದ ಬಿಳಿಯ ಬಳೆಯೇ ಅದರ ಮನೆ. ಹಾದಿಯ ಅಂಚಿನಲ್ಲೇ ಇರುವ ಆ ಬಳೆಯ ಮೇಲೆ ನಿಮ್ಮ ಬೂಟು ಬಿದ್ದರೆ, ಅಥವಾ ನಿಮ್ಮಿಂದಾಗಿ ತಾಯಿ ಎದ್ದು ಮೊಟ್ಟೆ ಬಿಸಿಲಿಗೆ ಬಿದ್ದರೆ, ಹಾನಿ ಆಗಿಹೋಯಿತು. ಆದ್ದರಿಂದ ಗುರುತಿಸಿದ ಹಾದಿ ಬಿಟ್ಟು ಕದಲುವಂತಿಲ್ಲ, ಗೈಡ್ ಇಲ್ಲದೆ ಉದ್ಯಾನದ ನಿಗದಿತ ತಾಣಗಳಲ್ಲಿ ಅಡ್ಡಾಡುವಂತಿಲ್ಲ. ಪ್ರಾಣಿ ತಾನಾಗಿಯೇ ನಿಮ್ಮತ್ತ ಬಂದರೆ? ಅಲುಗಾಡದೆ ನಿಲ್ಲಿ, ಜಾಗವಿದ್ದರೆ ಹಿಂದೆ ಸರಿಯಿರಿ. ಅಲ್ಲಿನ ಅಣಕುಹಕ್ಕಿಗಳು ಬೂಟಿನ ಲೇಸನ್ನು ಕುಕ್ಕಲು, ನೀರಿನ ಬಾಟಲಿಯ ಮುಚ್ಚಳವನ್ನು ಪರೀಕ್ಷಿಸಲು ಬರುತ್ತವೆ. ಕನಿಕರದಿಂದ ಒಂದು ಹನಿ ನೀರನ್ನೂ ಕೊಡಬಾರದು.

ಕಪ್ಪು ಲಾವಾದ ಮೇಲೆ ಎಕ್ಸ್‌ಪೋಶರ್ (ಚಿತ್ರಕ್ಕೆ ಬೀಳುವ ಬೆಳಕಿನ ಪ್ರಮಾಣ) ಏಕೆ ಕೆಡುತ್ತದೆ? ಊರಲ್ಲೇ ಅಭ್ಯಾಸ ಮಾಡಬಹುದೇ?

ಮಾಡಬಹುದು, ಮತ್ತು ಅದಕ್ಕೆ ನಮ್ಮ ಊರಿಗಿಂತ ಒಳ್ಳೆಯ ಶಾಲೆಯಿಲ್ಲ. ಮೇಯುವ ಎಮ್ಮೆಯ ಬೆನ್ನ ಮೇಲೆ ಕುಳಿತ ಬೆಳ್ಳಕ್ಕಿಯನ್ನು ಹತ್ತು ಗಂಟೆಯ ಬಿಸಿಲಲ್ಲಿ ತೆಗೆದು ನೋಡಿ. ಎಮ್ಮೆ ಬೂದಿ ಬಳಿದಂತೆ ಕಾಣುತ್ತದೆ, ಬೆಳ್ಳಕ್ಕಿ ಗರಿಗಳ ಗೆರೆಯೇ ಇಲ್ಲದ ಬಿಳಿ ಕಾಗದವಾಗುತ್ತದೆ. ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರ್ ತನ್ನೆದುರಿನ ದೃಶ್ಯವನ್ನೆಲ್ಲ ನಡುಬೂದು ಎಂದೇ ನಂಬುವುದರಿಂದ, ಕಪ್ಪು ಹೆಚ್ಚಾದಾಗ ಅದನ್ನು ಬೆಳಗಿಸಲು ಹೋಗಿ ಬಿಳಿಯನ್ನು ಸುಟ್ಟುಬಿಡುತ್ತದೆ. ಕಪ್ಪು ಲಾವಾದ ಮೇಲೆ ಬಿಳಿಯ ನಾಸ್ಕಾ ಬೂಬಿ ನಿಂತಾಗ ಆಗುವುದು ಅಕ್ಷರಶಃ ಇದೇ.

ಸ್ವಯಂಚಾಲಿತ ಕ್ರಮದಲ್ಲಿದ್ದರೆ ಕಂಪೆನ್ಸೇಶನ್ (ಮೀಟರ್ ಹೇಳಿದ ಬೆಳಕನ್ನು ಹೆಚ್ಚು-ಕಡಿಮೆ ಮಾಡುವ ಹೊಂದಿಕೆ) ಮೈನಸ್ 1ರಿಂದ ಮೈನಸ್ 1.7ರವರೆಗೆ ಇಳಿಸಿ ನೋಡಿ. ಬಿಸಿಲು ಸ್ಥಿರವಾಗಿದ್ದರೆ ಮ್ಯಾನ್ಯುಯಲ್ ಇನ್ನೂ ನಿಶ್ಚಿಂತೆ: ಪೂರ್ಣ ಬಿಸಿಲಲ್ಲಿ ಬಿಳಿ ಹಕ್ಕಿಗೆ ಐಎಸ್‌ಒ (ಬೆಳಕಿನ ಸಂವೇದನೆ) 400, ಲೆನ್ಸಿನ ಕಿಂಡಿ ಎಫ್/8, ಸೆಕೆಂಡಿನ 1/3200 ಎಂದು ಆರಂಭಿಸಿ, ಹಿಸ್ಟೋಗ್ರಾಮ್ (ಚಿತ್ರದ ಕಪ್ಪು-ಬಿಳುಪಿನ ಹಂಚಿಕೆ ತೋರಿಸುವ ನಕ್ಷೆ) ಬಲ ಅಂಚನ್ನು ಮುಟ್ಟುವಷ್ಟು ಬಂದು ಅಪ್ಪಳಿಸದಂತೆ ಸರಿಪಡಿಸಿಕೊಂಡು, ಮತ್ತೆ ಅದನ್ನು ಮುಟ್ಟಬೇಡಿ. ಹಕ್ಕಿ ಲಾವಾದ ಮೇಲಿರಲಿ, ಆಕಾಶದಲ್ಲಿರಲಿ, ಅದರ ಮೇಲೆ ಬೀಳುವ ಬಿಸಿಲು ಒಂದೇ. ಕಪ್ಪು ಇಗ್ವಾನ ಒಂದೇ ಇದ್ದಾಗ ಮಾತ್ರ ಸ್ವಲ್ಪ ಸಡಿಲಿಸಿ, ಇಲ್ಲವಾದರೆ ಚರ್ಮದ ಹರಳುಹರಳು ರಚನೆ ಕತ್ತಲಲ್ಲಿ ಕಳೆದುಹೋಗುತ್ತದೆ. ರಾ ಕಡತದಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಮೂಲ ಚಿತ್ರದಲ್ಲಿ) ಕಪ್ಪನ್ನು ಒಂದಿಷ್ಟು ಮೇಲೆತ್ತಬಹುದು. ಸುಟ್ಟ ಬಿಳಿಯನ್ನು ಯಾರೂ ಮರಳಿ ತರಲಾರರು.

ಬೆಳಗಿನ ಹೊಂಬೆಳಕು ಎಷ್ಟು ಹೊತ್ತು ಸಿಗುತ್ತದೆ?

ಕಡಿಮೆ. ಭೂಮಧ್ಯರೇಖೆಯಲ್ಲಿ ಸೂರ್ಯ ನೆಟ್ಟಗೆ ಏರುತ್ತಾನೆ, ನೆಟ್ಟಗೆ ಇಳಿಯುತ್ತಾನೆ. ಉದ್ಯಾನದ ತಾಣಗಳಿಗೆ ಪ್ರವೇಶ ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ ಮಾತ್ರ. ಹಡಗಿನವರು ಉಪಾಹಾರ ಮುಗಿಸಿ ಇಳಿಸುವ ಹೊತ್ತಿಗೆ ಬೆಳಕು ಗಟ್ಟಿಯಾಗಿರುತ್ತದೆ. ಉಪಾಹಾರಕ್ಕೆ ಮೊದಲೇ ಇಳಿಸುವಿರಾ ಎಂದು ಕಾದಿರಿಸುವಾಗಲೇ ಕೇಳಿಕೊಳ್ಳಿ. ಇಲ್ಲಿಯೇ ಗರುವಾ ಮೋಡದ ಬೆಲೆ ತಿಳಿಯುವುದು. ಫೋಟೊ ಪ್ರವಾಸಕ್ಕೆ ಮೋಡವೆಂದರೆ ಮುಖ ಸಿಂಡರಿಸುವವರಿದ್ದಾರೆ. ಕಪ್ಪು ನೆಲ, ಬಿಳಿ ಹಕ್ಕಿ, ನೀಲಿ ಪಾದ ಮೂರನ್ನೂ ಒಂದೇ ಚಿತ್ರದಲ್ಲಿ ಉಳಿಸಿಕೊಡುವುದು ಆ ಮೋಡವೇ ಎಂಬುದು ನನ್ನ ಅನುಭವ. ಐಎಸ್‌ಒ 800, 1,600ಕ್ಕೆ ಏರಿಸಬೇಕಾಗುತ್ತದೆ, ಅಷ್ಟೇ.

ಒಂದೇ ತಾಣ ನೋಡಲು ಸಾಧ್ಯವೆಂದರೆ ಯಾವುದನ್ನು ಹೇಳುವಿರಿ?

ಫರ್ನಾಂಡಿನಾದ ಪುಂಟಾ ಎಸ್ಪಿನೋಸಾ. ದೋಣಿಯಿಂದ ಲಾವಾದ ಮೇಲೆ ಕಾಲಿಟ್ಟಾಗ ಮೊದಲು ನೆಲವಷ್ಟೇ ಕಾಣುತ್ತದೆ. ಆಮೇಲೆ ಆ ನೆಲವೇ ಉಸಿರಾಡುತ್ತಿದೆ ಎನ್ನಿಸಿ ದಿಟ್ಟಿಸಿದರೆ, ನೂರಾರು ಕಡಲ ಇಗ್ವಾನಗಳು ಒಂದರ ಮೇಲೊಂದು ಕೈಕಾಲು ಚೆಲ್ಲಿ, ಬಹುಪಾಲು ಒಂದೇ ದಿಕ್ಕಿಗೆ ಮುಖಮಾಡಿ ಮಲಗಿರುತ್ತವೆ. (ನೋಡಿದವರೆಲ್ಲ ಉಡ ಎನ್ನುತ್ತಾರೆ, ಉಡ ಬೇರೆಯೇ ಕುಟುಂಬದ್ದು, ಮಾಂಸಾಹಾರಿ. ಇದು ಕಡಲಿಗೆ ಧುಮುಕಿ ಪಾಚಿ ಮೇಯುವ ಹಲ್ಲಿ.) ಪಾಚಿಯೊಂದಿಗೆ ನುಂಗಿದ ಉಪ್ಪನ್ನು ಮೂಗಿನ ಗ್ರಂಥಿಗಳಿಂದ ಹೊರಹಾಕಲು ಅವು ಆಗಾಗ ಸೀನುತ್ತವೆ. ಎದುರುಬೆಳಕಿನಲ್ಲಿ ಆ ಸೀನು ಬೆಳ್ಳಿಯ ತುಂತುರಿನಂತೆ ಕಾಣುತ್ತದೆ. ಅದನ್ನು ಹಿಡಿಯಲು ನಾನು ಒಂದೇ ಇಗ್ವಾನದ ಮುಂದೆ ಇಪ್ಪತ್ತು ನಿಮಿಷ ಮಂಡಿಯೂರಿದ್ದೆ. ಅದು ಸೀನಲಿಲ್ಲ, ಪಕ್ಕದ್ದು ಸೀನಿತು. ಅಷ್ಟರಲ್ಲಿ ಲಾವಾ ಹಲ್ಲಿಯೊಂದು ಅದರ ಬೆನ್ನೇರಿ, ತಲೆಯ ಮೇಲೆ ನಿಂತು ನೊಣ ಹಿಡಿಯಿತು. ತಂದ ಚಿತ್ರಗಳಲ್ಲಿ ನನಗೆ ಪ್ರಿಯವಾದದ್ದು ಅದೇ.

ಅಂಚಿನ ಬಂಡೆಗಳಲ್ಲಿ ಹಾರಲಾರದ ನೀರುಕಾಗೆಗಳಿರುತ್ತವೆ. ಫರ್ನಾಂಡಿನಾ ಮತ್ತು ಇಸಾಬೆಲಾ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇವು ಇಲ್ಲ. ನಮ್ಮ ಕೆರೆಗಳ ನೀರುಕಾಗೆ ಮೀನು ಹಿಡಿದು ಬಂದು ರೆಕ್ಕೆ ಚಾಚಿ ಒಣಗಿಸುವುದನ್ನು ಎಲ್ಲರೂ ನೋಡಿದ್ದೇವೆ. ಇದೂ ಹಾಗೆಯೇ ಚಾಚುತ್ತದೆ, ಆದರೆ ಚಾಚಲು ಅಲ್ಲಿ ರೆಕ್ಕೆಯೆನ್ನುವಂಥದ್ದು ಉಳಿದಿಲ್ಲ; ಹರಿದ ಕೊಡೆಯಂಥ ಎರಡು ಮೋಟು ತುಂಡುಗಳು. ಗಂಡು ನೀರಿನಿಂದ ಕಡಲಪಾಚಿಯ ಕಂತೆ ಕಚ್ಚಿಕೊಂಡು ಬಂದು ಗೂಡಿನ ಹೆಣ್ಣಿಗೆ ಒಪ್ಪಿಸುತ್ತದೆ, ಹೆಣ್ಣು ಅದನ್ನು ತನಗೆ ಬೇಕಾದಂತೆ ಸಿಕ್ಕಿಸುತ್ತದೆ. ಗೂಡು ಕಂಡ ಕೂಡಲೇ ನಾಲ್ಕು ಚಿತ್ರ ತೆಗೆದು ಮುಂದೆ ನಡೆಯಬೇಡಿ. ಗಂಡು ನೀರಿಗಿಳಿದದ್ದನ್ನು ಕಂಡರೆ, ಗೈಡ್ ಒಪ್ಪಿದರೆ, ಮರಳುವವರೆಗೆ ಕಾಯಿರಿ.

ಉಪ್ಪುಗಾಳಿಯಿಂದ ಕ್ಯಾಮೆರಾವನ್ನು ಹೇಗೆ ಕಾಪಾಡುವುದು?

ಲೆನ್ಸಿನ ಮೇಲೆ ಕೂತ ಉಪ್ಪನ್ನು ಒಣಬಟ್ಟೆಯಿಂದ ತಿಕ್ಕಬೇಡಿ, ಹರಳು ಗಾಜನ್ನು ಗೀರುತ್ತದೆ. ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮೊದಲು ಮೆಲ್ಲಗೆ ಒತ್ತಿ ತೆಗೆದು, ಆಮೇಲೆ ಒಣಗಿಸಿ. ರಬ್ಬರ್ ದೋಣಿಯಲ್ಲಿ ಲೆನ್ಸ್ ಬದಲಿಸುವ ಸಾಹಸ ಬೇಡ.

ನನ್ನ ಎಡವಟ್ಟು ಬೇರೆಯದು. ಮೊದಲ ಬೆಳಿಗ್ಗೆ ಫ್ರಿಗೇಟ್ ಹಕ್ಕಿಗಳು ಹಡಗಿನ ಜೊತೆಜೊತೆಗೇ, ಕೈಗೆಟಕುವಂತೆ ತೇಲುತ್ತಿವೆ ಎಂದು ಕೂಗು ಕೇಳಿ, ಎಸಿ ಕೋಣೆಯಿಂದ ಕ್ಯಾಮೆರಾ ಹಿಡಿದು ಓಡಿದೆ. ಹೊರಗಿನ ತೇವಕ್ಕೆ ತಣ್ಣನೆಯ ಗಾಜು ಕ್ಷಣಾರ್ಧದಲ್ಲಿ ಮಂಜಾಯಿತು. ಒರೆಸಿದಷ್ಟೂ ಮತ್ತೆ ಮಂಜು. ಗಾಜು ತಿಳಿಯಾಗುವ ಹೊತ್ತಿಗೆ ಆಕಾಶ ಖಾಲಿ. ಮರುದಿನದಿಂದ ಚೀಲವನ್ನು ಮುಚ್ಚಿದಂತೆಯೇ ಅರ್ಧ ಗಂಟೆ ಮೊದಲು ಹೊರಗಿಟ್ಟು, ಅದು ಹೊರಗಿನ ಬಿಸಿಗೆ ಹೊಂದಿಕೊಂಡ ಮೇಲೆಯೇ ತೆರೆಯುತ್ತಿದ್ದೆ.

ಫ್ಲ್ಯಾಶ್, ಡ್ರೋನ್, ಟ್ರೈಪಾಡ್?

ಫ್ಲ್ಯಾಶ್ ನಿಷಿದ್ಧ. ಡ್ರೋನ್ ಅನುಮತಿಯಿಲ್ಲದೆ ನಿಷಿದ್ಧ, ಹವ್ಯಾಸಿಗೆ ಅನುಮತಿ ಸಿಗುತ್ತದೆಂಬ ಆಸೆಯಿಂದ ಒಯ್ಯಬೇಡಿ. ಟ್ರೈಪಾಡ್ ಕಿರಿದಾದ ಹಾದಿಯಲ್ಲಿ ಬೇರೆಯವರ ಕಾಲಿಗೆ ಅಡ್ಡ; ಬೇಕೇಬೇಕೆಂದರೆ ಒಂಟಿಕಾಲಿನ ಮೋನೊಪಾಡ್. ವಾಣಿಜ್ಯ ಚಿತ್ರೀಕರಣಕ್ಕೆ ಉದ್ಯಾನದ ಪ್ರತ್ಯೇಕ ಪರವಾನಗಿ ಬೇಕು.

ನೀರಿನೊಳಗಿನ ಚಿತ್ರಗಳಿಗೆ ಏನು ಬೇಕು?

ಸಣ್ಣ ಆಕ್ಷನ್ ಕ್ಯಾಮೆರಾ ಸಾಕು, ಆದರೆ ಈಜು ಬರಬೇಕು. ಪಶ್ಚಿಮದ ದ್ವೀಪಗಳ ಸುತ್ತ ಆಳದಿಂದ ಮೇಲೇಳುವ ತಣ್ಣೀರು ತಂಪು ತಿಂಗಳುಗಳಲ್ಲಿ 20 ಡಿಗ್ರಿಗಿಂತ ಕೆಳಗಿಳಿಯುವುದುಂಟು. ವೆಟ್‌ಸೂಟ್ ಇಲ್ಲದೆ ಹತ್ತು ನಿಮಿಷ ನಿಲ್ಲುವುದೂ ಕಷ್ಟ. ಭೂಮಧ್ಯರೇಖೆಯ ಬಳಿ ಪೆಂಗ್ವಿನ್ ಬದುಕಿರುವುದು ಈ ತಣ್ಣೀರಿನಿಂದಲೇ. ಎಲ್ ನಿನೊ ವರ್ಷಗಳಲ್ಲಿ ನೀರು ಬಿಸಿಯಾದಾಗ ಪಾಚಿ ಸಾಯುತ್ತದೆ, ಮೀನು ದೂರವಾಗುತ್ತದೆ, ಕಡಲ ಇಗ್ವಾನಗಳು ಹಸಿದು ದೇಹದ ಉದ್ದದಲ್ಲಿಯೇ ಕುಗ್ಗುತ್ತವೆ. ಅಂಥ ವರ್ಷದಲ್ಲಿ ಹೋದವರು ಬೇರೆಯೇ ದ್ವೀಪವನ್ನು ನೋಡುತ್ತಾರೆ.

ಜ್ವಾಲಾಮುಖಿ ಉಕ್ಕುವುದನ್ನು ತೆಗೆಯಲು ಸಾಧ್ಯವೇ?

ಅದೃಷ್ಟದ ಮಾತು. ಇಸಾಬೆಲಾ ದ್ವೀಪದಲ್ಲಿ 2018ರಲ್ಲಿ ಸಿಯೆರಾ ನೆಗ್ರಾ, 2022ರ ಜನವರಿಯಲ್ಲಿ ವುಲ್ಫ್, 2024ರ ಮಾರ್ಚ್‌ನಲ್ಲಿ ಫರ್ನಾಂಡಿನಾದ ಲಾ ಕುಂಬ್ರೆ ಉಕ್ಕಿದ್ದವು. ಅಂಥ ಸಂದರ್ಭದಲ್ಲಿ ಹತ್ತಿರದ ತಾಣಗಳನ್ನು ಮುಚ್ಚುವುದುಂಟು. ರಾತ್ರಿ, ದೂರದಿಂದ, ತೂಗುವ ಹಡಗಿನ ಮೇಲಿಂದ ತೆಗೆಯಬೇಕಾದ್ದರಿಂದ ಟ್ರೈಪಾಡ್ ಅಲ್ಲಿಯೂ ನೆರವಾಗದು. ಐಎಸ್‌ಒ ಏರಿಸಿ ಕೈಯಲ್ಲೇ ಹಿಡಿಯಬೇಕು.

ಕಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ಯಬಹುದೇ?

ನಗಬೇಡಿ, ನಾನೂ ಇದನ್ನೇ ಕೇಳಿದ್ದೆ. ಹೊರಗಿನ ಬೀಜ, ಕೀಟ, ಶಿಲೀಂಧ್ರ ದ್ವೀಪಕ್ಕೆ ಸೇರದಂತೆ ವಿಮಾನ ಹತ್ತುವ ಮೊದಲೇ ಚೀಲಗಳ ತಪಾಸಣೆ ನಡೆಯುತ್ತದೆ. ತಾಜಾ ಹಣ್ಣು, ಹೂವು, ಹಸಿ ಕಾಳು, ಮೊಳೆಯಬಲ್ಲ ಬೀಜ, ಮಣ್ಣು ಇವು ಬೇಡವೇ ಬೇಡ. ಬೇಯಿಸಿದ, ಹುರಿದ, ಮುಚ್ಚಿ ಕಟ್ಟಿದ ಆಹಾರವಿದ್ದರೆ ಬಚ್ಚಿಡದೆ ಹೇಳಿ ತೋರಿಸಿ, ನಿರ್ಧಾರ ತಪಾಸಣಾಧಿಕಾರಿಯದು.

ರೊಟ್ಟಿಗಿಂತ ನಮ್ಮವರಿಗೆ ತೊಡಕಾಗುವುದು ಬೂಟು. ಹಿನ್ನೀರಿನ ದಂಡೆಯಲ್ಲಿ ಹಾಕಿದ ಬೂಟನ್ನೇ ಒಯ್ಯುವುದಾದರೆ ಅಡಿಯ ಗೀರುಗಳಲ್ಲಿ ಗಟ್ಟಿಯಾದ ಎರೆಮಣ್ಣನ್ನು ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ತೊಳೆಯಿರಿ. ಎರೆ ಹೇಗೆ ಅಂಟುತ್ತದೆಂದು ನಿಮಗೆ ಹೇಳಬೇಕಿಲ್ಲ. ನನಗೆ ಎರಡು ದಿನ ಹಿಡಿಯಿತು. ಬರುವಾಗಲೂ ಅದೇ ಕಟ್ಟುನಿಟ್ಟು: ಲಾವಾದ ಚೂರು, ಚಿಪ್ಪು, ಮರಳು ಯಾವುದನ್ನೂ ತರುವಂತಿಲ್ಲ.

ವೀಸಾ, ಚುಚ್ಚುಮದ್ದು, ಹಣ?

ಭಾರತದಿಂದ ನೇರ ವಿಮಾನವಿಲ್ಲ. ಯುರೋಪಿನ ಮ್ಯಾಡ್ರಿಡ್ ಅಥವಾ ಆಮ್‌ಸ್ಟರ್‌ಡ್ಯಾಮ್ ಮೂಲಕ ಈಕ್ವೆಡಾರ್‌ನ ಕೀಟೊ ಅಥವಾ ಗ್ವಾಯಾಕಿಲ್ ತಲುಪಿ, ಅಲ್ಲಿಂದ ಬಾಲ್ಟ್ರಾ ಅಥವಾ ಸ್ಯಾನ್ ಕ್ರಿಸ್ಟೊಬಲ್‌ಗೆ ಹಾರಬೇಕು. ವೀಸಾ ನಿಯಮಗಳು ಬದಲಾಗುತ್ತ ಬಂದಿರುವುದರಿಂದ ಟಿಕೆಟ್ ಕೊಳ್ಳುವ ಮೊದಲು ದೆಹಲಿಯ ರಾಯಭಾರ ಕಚೇರಿಯಿಂದ ಖಚಿತಪಡಿಸಿಕೊಳ್ಳಿ. ದಾರಿಯ ದೇಶದ ವೀಸಾ ಬೇಕೇ ಎಂಬುದನ್ನೂ ನೋಡಿ. ಈಕ್ವೆಡಾರ್‌ನ ಚಲಾವಣೆ ಅಮೆರಿಕದ ಡಾಲರ್. ಉದ್ಯಾನದ ಪ್ರವೇಶ ಶುಲ್ಕ 2024ರ ಆಗಸ್ಟ್ 1ರಿಂದ ವಿದೇಶಿ ವಯಸ್ಕರಿಗೆ 200 ಡಾಲರ್. ಇದನ್ನು ನಗದಾಗಿ ಇಟ್ಟುಕೊಂಡಿರುವುದು ಒಳ್ಳೆಯದು. ದ್ವೀಪದ ಗಡಿಯಾರ ನಮ್ಮದಕ್ಕಿಂತ 11 ಗಂಟೆ 30 ನಿಮಿಷ ಹಿಂದೆ. ವಿಜಯಪುರದಲ್ಲಿ ಮಧ್ಯಾಹ್ನ 12 ಆದಾಗ ಅಲ್ಲಿ ನಡುರಾತ್ರಿ 12.30, ಮನೆಯವರಿಗೆ ಇದನ್ನು ಮೊದಲೇ ತಿಳಿಸಿಬಿಡಿ.

ಹಳದಿ ಜ್ವರದ ಲಸಿಕೆಯನ್ನು ಹೊರಡುವ ಕನಿಷ್ಠ 10 ದಿನ ಮೊದಲು ಬೆಂಗಳೂರು ಅಥವಾ ಮುಂಬೈಯ ಅಧಿಕೃತ ಕೇಂದ್ರದಲ್ಲಿ ಹಾಕಿಸಿಕೊಂಡು, ಅದರ ಪ್ರಮಾಣಪತ್ರವನ್ನು ಪಾಸ್‌ಪೋರ್ಟ್ ಜೊತೆಯಲ್ಲೇ ಇಡಿ. ಅದು ಬೇಕಾಗುವುದು ಅಲ್ಲಿಗಿಂತ ಇಲ್ಲಿ: ಈಕ್ವೆಡಾರ್‌ನಿಂದ ಮರಳಿದವರ ಬಳಿ ಆ ಪತ್ರವಿಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲಿಯೇ ತಡೆದು 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು.

ದುಬಾರಿ ಲೆನ್ಸ್‌ಗಳಿಗೆ ಮರಳುವಾಗ ಸುಂಕ ಕೇಳುತ್ತಾರೆಯೇ?

ಕೇಳಬಾರದೆಂದರೆ ಹೊರಡುವ ದಿನವೇ ವಿಮಾನ ನಿಲ್ದಾಣದ ಕಸ್ಟಮ್ಸ್ ಮೇಜಿನಲ್ಲಿ ಕ್ಯಾಮೆರಾ, ಲೆನ್ಸ್‌ಗಳ ಕ್ರಮಸಂಖ್ಯೆ ತೋರಿಸಿ ರಫ್ತು ಪ್ರಮಾಣಪತ್ರ ಬರೆಸಿಕೊಳ್ಳಿ. ಚೀಲವನ್ನು ಚೆಕ್‌ಇನ್‌ಗೆ ಕೊಟ್ಟ ಮೇಲೆ ತೋರಿಸಲು ವಸ್ತುವೇ ಇರುವುದಿಲ್ಲವಾದ್ದರಿಂದ ಅದಕ್ಕೂ ಮೊದಲು ಹೋಗಬೇಕು. ಲಿಥಿಯಂ ಬಿಡಿ ಬ್ಯಾಟರಿಗಳು ಹೇಗಿದ್ದರೂ ಕೈಚೀಲದಲ್ಲೇ ಇರಬೇಕು. ತುದಿಗಳಿಗೆ ಟೇಪ್ ಅಂಟಿಸಿ, ಬೇರೆ ಬೇರೆ ಚೀಲಗಳಲ್ಲಿ ಹಾಕಿಡಿ.